ನಾಟಕ ಆಡಿ ಕೊಂಡ ಕಾಡು

1987ರಲ್ಲಿ ಸ್ವೀಡನ್ನಿನ ಫಾಗೆರ್ವಿಕ್ ಎಂಬ ಊರಿನ ಪುಟ್ಟ ಶಾಲೆಯೊಂದರ ಮಕ್ಕಳು ನಾಟಕ ಆಡಿದರು. ಹಾಡು ಹಾಡಿದರು, ಚಿತ್ರ ಬಿಡಿಸಿ ಮಾರಿದರು, ಮನೆಯಲ್ಲಿ ಮಾಡಿದ ಕೇಕು ಬನ್ನು ಮಾರಿದರು. ಬಂದ ದುಡ್ಡನ್ನು ಎಣಿಸಿ ಕೋಸ್ಟರಿಕಾ ದೇಶಕ್ಕೆ ಕಳಿಸಿದರು. ಆ ದುಡ್ಡಿಗೆ ಅಲ್ಲಿ ಆರು ಹೆಕ್ಟೇರ್ ಮಳೆಕಾಡು ಬಂತು. ನಮ್ಮ ಲೆಕ್ಕದಲ್ಲಿ 15 ಎಕರೆ, ಮಲೆನಾಡಿನಲ್ಲಾದರೆ ಒಬ್ಬ ಒಳ್ಳೆಯ ಅನುಕೂಲಸ್ಥನ ತೋಟದಷ್ಟು.

ಇವತ್ತು ಆ ಕಾಡಿನ ವಿಸ್ತಾರ ಸುಮಾರು 23,000 ಹೆಕ್ಟೇರ್. ನಮ್ಮ ಬನ್ನೇರುಘಟ್ಟ ರಾಷ್ಟ್ರೀಯ ಉದ್ಯಾನಕ್ಕಿಂತ ಸ್ವಲ್ಪ ಕಡಿಮೆ, ಅಷ್ಟೇ. ಕೋಸ್ಟರಿಕಾದ ಖಾಸಗಿ ಕಾಡುಗಳಲ್ಲಿ ಅದೇ ದೊಡ್ಡದು. ಸ್ಪ್ಯಾನಿಷ್‌ನಲ್ಲಿ ಅದರ ಹೆಸರು 'ಬೋಸ್ಕೆ ಎತೆರ್ನೊ ದೆ ಲೋಸ್ ನಿನ್ಯೋಸ್'. ಅಂದರೆ ಮಕ್ಕಳ ಶಾಶ್ವತ ಕಾಡು.

ಶಾಲೆಗಳ ಇಕೋ ಕ್ಲಬ್ ನೋಡಿಕೊಳ್ಳುವ ಶಿಕ್ಷಕರ ಜೊತೆ ಕೂತಾಗಲೆಲ್ಲ ನಾನು ಈ ಪ್ರಕರಣ ಹೇಳುತ್ತೇನೆ. ಎಲ್ಲರೂ ಮಕ್ಕಳನ್ನು ಹೊಗಳುತ್ತಾರೆ. "ಎಂಥಾ ಮಕ್ಕಳಪ್ಪಾ" ಅನ್ನುತ್ತಾರೆ. ಆಮೇಲೆ ಚಹಾ ಕುಡಿಯಲು ಎದ್ದು ಹೋಗುತ್ತಾರೆ. ನನಗೆ ಅಲ್ಲೇ ಸ್ವಲ್ಪ ಬೇಜಾರು. ಮಕ್ಕಳು ಒಳ್ಳೆಯವರು ಅನ್ನುವುದು ನಮಗೆ ಮೊದಲೇ ಗೊತ್ತಿತ್ತಲ್ಲ. ನಮ್ಮ ಶಾಲೆಯಲ್ಲೂ ಒಳ್ಳೆಯ ಮಕ್ಕಳೇ ಇದ್ದಾರೆ. ಹಾಗಿದ್ದರೆ ಅಲ್ಲಿ ಕಾಡಾಯಿತು, ನಮ್ಮಲ್ಲಿ ಯಾಕೆ ಆಗಲಿಲ್ಲ? ಈ ಪ್ರಕರಣವನ್ನು ಬಿಡಿಸಿ ನೋಡಬೇಕಾದದ್ದು ಆ ಪ್ರಶ್ನೆಗಾಗಿ.

ತರಗತಿಯಲ್ಲಿ ಆದದ್ದು

ಏಹಾ ಕೆರ್ನ್ ಎಂಬ ಶಿಕ್ಷಕಿ ಚಿಕ್ಕ ಮಕ್ಕಳಿಗೆ ಮಳೆಕಾಡಿನ ಪಾಠ ಮಾಡುತ್ತಿದ್ದರು. ಮಳೆಕಾಡು ಅಂದರೆ ಏನು, ಅಲ್ಲಿ ಯಾವ ಪ್ರಾಣಿ ಇವೆ, ಅದು ಎಷ್ಟು ಬೇಗ ಕಡಿದು ಹೋಗುತ್ತಿದೆ ಎಂದು ವಿವರಿಸುತ್ತಿದ್ದರು. ಆಗ ರೋಲಂಡ್ ಟಿಯೆನ್ಸು ಎಂಬ ಒಂಬತ್ತು ವರ್ಷದ ಹುಡುಗ, ಹಾಗಾದರೆ ಆ ಕಾಡನ್ನೂ ಪ್ರಾಣಿಗಳನ್ನೂ ಉಳಿಸಲು ನಾವೇನು ಮಾಡಬಹುದು ಎಂದು ಕೇಳಿದ.

ಇಂಥ ಪ್ರಶ್ನೆ ಯಾವ ತರಗತಿಯಲ್ಲಿ ಬರುವುದಿಲ್ಲ ಹೇಳಿ? ನಮ್ಮಲ್ಲಿ ಬಂದರೆ ಮೇಷ್ಟ್ರ ಉತ್ತರ ರೆಡಿ ಇರುತ್ತದೆ: "ಗಿಡ ನೆಡಬೇಕು, ಪ್ಲಾಸ್ಟಿಕ್ ಬಳಸಬಾರದು, ಬರ್ಕೊಳ್ಳಿ." ಮಕ್ಕಳು ಬರೆದುಕೊಳ್ಳುತ್ತಾರೆ. ಪರೀಕ್ಷೆಯಲ್ಲಿ ಎರಡು ಅಂಕಕ್ಕೆ ಬರುತ್ತದೆ.

ಕೆರ್ನ್ ಉತ್ತರ ಹೇಳಲಿಲ್ಲ, ಉತ್ತರ ಗೊತ್ತಿದ್ದವರನ್ನು ಕರೆಸಿದರು. ಶರನ್ ಕಿನ್ಸ್‌ಮನ್ ಅಮೆರಿಕದ ಜೀವಶಾಸ್ತ್ರಜ್ಞೆ. ಕೋಸ್ಟರಿಕಾದ ಮೊಂತೆವೆರ್ದೆ ಎಂಬ ಬೆಟ್ಟದೂರಿನಲ್ಲಿ ಸಂಶೋಧನೆ ಮಾಡಿದವರು. ಅವರು ಬಂದು ಮಕ್ಕಳಿಗೆ ಆ ಕಾಡಿನ ಕಥೆ ಹೇಳಿದರು. ಅದರ ಜೊತೆಗೆ ಇನ್ನೊಂದು ಮಾತೂ ಹೇಳಿದರು. ಅಲ್ಲಿನ ಜನರೇ ಸೇರಿ ಒಂದು ಸಂಘ ಮಾಡಿಕೊಂಡಿದ್ದಾರೆ, ಕಡಿದು ಹೋಗಲಿರುವ ಕಾಡನ್ನು ದುಡ್ಡು ಕೊಟ್ಟು ಕೊಂಡು ಉಳಿಸುತ್ತಿದ್ದಾರೆ ಎಂದರು.

ನನ್ನ ಪ್ರಕಾರ ಇಡೀ ಪ್ರಕರಣ ತಿರುಗುವುದು ಈ ಒಂದು ಮಾತಿನ ಮೇಲೆ. ಅಲ್ಲಿಯವರೆಗೆ ಮಕ್ಕಳಿಗೆ ಇದ್ದದ್ದು ಕನಿಕರ. ಇಲ್ಲಿಂದ ಮುಂದೆ ಅವರಿಗೆ ಒಂದು ವಿಳಾಸ ಸಿಕ್ಕಿತು.

ಆ ಕಡೆ ಏನಿತ್ತು

ಸ್ವೀಡನ್ನಿನ ಮಕ್ಕಳ ಕಥೆ ಹೇಳುವವರು ಸಾಮಾನ್ಯವಾಗಿ ಈ ಭಾಗವನ್ನು ಎರಡು ಸಾಲಿನಲ್ಲಿ ಮುಗಿಸುತ್ತಾರೆ. ನಾನು ಇಲ್ಲೇ ಸ್ವಲ್ಪ ಹೊತ್ತು ನಿಲ್ಲುತ್ತೇನೆ.

ಮೊಂತೆವೆರ್ದೆ ಅಂದರೆ ಹಸಿರು ಬೆಟ್ಟ. ತಿಲಾರಾನ್ ಎಂಬ ಬೆಟ್ಟಸಾಲಿನ ಮೇಲಿದೆ. ಕೆರಿಬಿಯನ್ ಸಮುದ್ರದ ಕಡೆಯಿಂದ ಗಾಳಿ ನೀರು ಹೊತ್ತು ಬರುತ್ತದೆ, ಬೆಟ್ಟಕ್ಕೆ ಬಡಿದು ಮೇಲೇರುತ್ತದೆ, ತಣ್ಣಗಾಗಿ ಮೋಡವಾಗುತ್ತದೆ. ಆ ಮೋಡ ಆಕಾಶದಲ್ಲಿ ಇರುವುದಿಲ್ಲ, ಮರಗಳ ನಡುವೆಯೇ ನುಗ್ಗಿ ಹೋಗುತ್ತದೆ. ಮಳೆ ಇಲ್ಲದ ದಿನವೂ ಎಲೆಯಿಂದ ನೀರು ತೊಟ್ಟಿಕ್ಕುತ್ತದೆ. ಆಗುಂಬೆ, ಕೊಡಚಾದ್ರಿ ಕಡೆ ಮಳೆಗಾಲದಲ್ಲಿ ಓಡಾಡಿದವರಿಗೆ ಇದರ ಅಂದಾಜು ಸಿಗುತ್ತದೆ. ಕೊಂಬೆ ಕೊಂಬೆಗೂ ಹಾವಸೆ, ಜರೀಗಿಡ, ಸೀತಾಳೆ. ಮರ ಯಾವುದು, ಮರದ ಮೇಲೆ ಕೂತ ಗಿಡ ಯಾವುದು ಎಂದು ಬಿಡಿಸಲು ಬರದಂತಿರುತ್ತದೆ.

ಈ ಬೆಟ್ಟಕ್ಕೆ 1951ರಲ್ಲಿ ಅಮೆರಿಕದ ಅಲಬಾಮಾದಿಂದ ಕೆಲವು ಕ್ವೇಕರ್ ಕುಟುಂಬಗಳು ವಲಸೆ ಬಂದವು. ಕ್ವೇಕರರು ಯುದ್ಧ ಒಪ್ಪದ ಕ್ರೈಸ್ತ ಪಂಥದವರು. ಸೈನ್ಯಕ್ಕೆ ಹೆಸರು ನೋಂದಾಯಿಸಲು ಒಪ್ಪದೆ ಅವರಲ್ಲಿ ನಾಲ್ವರು ಯುವಕರು ಜೈಲು ಕಂಡಿದ್ದರು. ಕೋಸ್ಟರಿಕಾ 1948ರಲ್ಲೇ ತನ್ನ ಸೈನ್ಯವನ್ನು ರದ್ದು ಮಾಡಿತ್ತು. ಸೈನ್ಯವೇ ಇಲ್ಲದ ದೇಶ! ಇವರಿಗೆ ಅದಕ್ಕಿಂತ ಬೇರೆ ಏನು ಬೇಕು? ಬಂದರು, ಜಮೀನು ಕೊಂಡರು, ಹಸು ಕಟ್ಟಿದರು, ಚೀಸ್ ಕಾರ್ಖಾನೆ ಹಾಕಿದರು.

ಹಸು ಕಟ್ಟಲು ಹುಲ್ಲುಗಾವಲು ಬೇಕು. ಹುಲ್ಲುಗಾವಲಿಗೆ ಕಾಡು ಕಡಿಯಬೇಕು. ಅವರೂ ಕಡಿದರು. ಆದರೆ ಬೆಟ್ಟದ ನೆತ್ತಿಯಲ್ಲಿ, ತಮ್ಮ ತೊರೆಗಳು ಹುಟ್ಟುವ ಕಡೆ, ಸುಮಾರು 550 ಹೆಕ್ಟೇರ್ ಕಾಡನ್ನು ಮುಟ್ಟಬಾರದು ಎಂದು ಬಿಟ್ಟರು. ಕಾರಣ ಬಹಳ ಸರಳ. ಅವರಿಗೆ ನೀರು ಬೇಕಿತ್ತು. ಪ್ರಾಣಿ ಪಕ್ಷಿ ಆಮೇಲೆ ಬಂದ ಮಾತು.

1972ರಲ್ಲಿ ಜಾರ್ಜ್ ಪವೆಲ್ ಎಂಬ ಯುವ ಪಕ್ಷಿತಜ್ಞ ಅಲ್ಲಿ ಒಂದು ಸಂರಕ್ಷಿತ ಕಾಡು ಮಾಡಲು ಹೊರಟ. ಅವನ ಜೊತೆ ನಿಂತದ್ದು ವಿಲ್ಫರ್ಡ್ ಗಿಂಡನ್. ಊರವರು ಕರೆಯುತ್ತಿದ್ದದ್ದು 'ವುಲ್ಫ್' ಅಂತ. ಈ ವುಲ್ಫ್ ವಲಸೆ ಬಂದ ಕ್ವೇಕರರಲ್ಲೇ ಒಬ್ಬ. ಸ್ವತಃ ಕಾಡು ಕಡಿದವ, ಊರಲ್ಲಿ ಮೋಟಾರು ಗರಗಸ ಮಾರುತ್ತಿದ್ದವ. ಅಂಥವನು ಮುಂದೆ ಜೀವಮಾನವಿಡೀ ಅದೇ ಕಾಡು ಸುತ್ತಿ ಕಾದ. ಗರಗಸ ಮಾರಿದವನಿಗೇ ಗೊತ್ತಿತ್ತು, ಕಾಡು ಎಷ್ಟು ಬೇಗ ಬೀಳುತ್ತದೆ ಅಂತ.

1986ರಲ್ಲಿ ಊರಿನ ಜನ, ಅಲ್ಲಿ ನೆಲೆಸಿದ ವಿಜ್ಞಾನಿಗಳು ಸೇರಿ ಮೊಂತೆವೆರ್ದೆ ಸಂರಕ್ಷಣಾ ಸಂಘ ಕಟ್ಟಿದರು. ಸ್ವೀಡನ್ನಿನ ಹುಡುಗ ಪ್ರಶ್ನೆ ಕೇಳುವುದಕ್ಕೆ ಬರೀ ಒಂದು ವರ್ಷ ಮೊದಲು.

ಈ ವರ್ಷಗಳನ್ನು ಒಂದರ ಪಕ್ಕ ಒಂದು ಇಟ್ಟು ನೋಡಿ. 1951, 1972, 1986, 1987. ಮಕ್ಕಳು ನಾಟಕ ಆಡುವ ಹೊತ್ತಿಗೆ ಆ ಕಡೆ ಮೂವತ್ತಾರು ವರ್ಷದ ಕೆಲಸ ಆಗಿತ್ತು. ಜಮೀನಿನ ಗಡಿ ಗೊತ್ತಿದ್ದವರಿದ್ದರು, ಯಾರು ಮಾರುತ್ತಾರೆ ಎಂದು ಗೊತ್ತಿದ್ದವರಿದ್ದರು, ನೋಂದಣಿ ಮಾಡಿಸುವವರಿದ್ದರು, ಕಾಯುವವರಿದ್ದರು. ಹನಿ ಹನಿ ಕೂಡಿದರೆ ಹಳ್ಳ ಅನ್ನುತ್ತೇವೆ. ಸರಿ. ಆದರೆ ದಂಡೆ ಇಲ್ಲದಿದ್ದರೆ ಆ ಹನಿ ಹಳ್ಳ ಆಗುವುದಿಲ್ಲ, ಸುಮ್ನೆ ಗದ್ದೆಯ ಮೇಲೆ ಹರಡಿ ಇಂಗಿ ಹೋಗುತ್ತದೆ. ಮೊಂತೆವೆರ್ದೆಯ ಸಂಘ ದಂಡೆಯಾಗಿತ್ತು.

ನಾಟಕವೇ ಯಾಕೆ

ದುಡ್ಡು ಎತ್ತುವ ಸುಲಭದ ದಾರಿ ನಮಗೆಲ್ಲ ಗೊತ್ತು. ಮಕ್ಕಳ ಕೈಗೆ ರಸೀದಿ ಪುಸ್ತಕ ಕೊಟ್ಟು ಮನೆ ಮನೆಗೆ ಕಳಿಸುವುದು. ನಾನು ಚಿಕ್ಕವನಿದ್ದಾಗ ನನ್ನ ಕೈಗೂ ಅಂಥ ಪುಸ್ತಕ ಬಂದಿತ್ತು. ಯಾವ ಕಾರಣಕ್ಕೆ ಎಂದು ಇವತ್ತಿಗೂ ನನಗೆ ಗೊತ್ತಿಲ್ಲ. ಹತ್ತು ರಸೀದಿ ಹರಿದು ಕೊಟ್ಟರೆ ಆಯಿತು. ಕೊನೆಗೆ ನಾಲ್ಕು ಉಳಿದಾಗ ಅಪ್ಪನೇ ಬೈದುಕೊಂಡು ಕೊಂಡಿದ್ದರು.

ಫಾಗೆರ್ವಿಕ್ ಮಕ್ಕಳು ನಾಟಕ ಆಡಿದ್ದರಿಂದ ಏನಾಯಿತು ನೋಡಿ. ಮಳೆಕಾಡಿನ ಬಗ್ಗೆ ಆಡಬೇಕೆಂದರೆ ಮೊದಲು ಮಳೆಕಾಡು ತಿಳಿಯಬೇಕು. ಟೂಕನ್ ಹಕ್ಕಿಯ ಪಾತ್ರ ಮಾಡುವ ಮಗು ಅದರ ಕೊಕ್ಕು ಎಷ್ಟುದ್ದ, ಅದು ಏನು ತಿನ್ನುತ್ತದೆ ಎಂದು ಕೇಳಿಯೇ ಕೇಳುತ್ತದೆ. ಚಿತ್ರ ಬಿಡಿಸುವ ಮಗು ಎಲೆಯ ಆಕಾರ ನೋಡುತ್ತದೆ. ನಮ್ಮ ಕರಾವಳಿಯಲ್ಲಿ ಮಕ್ಕಳ ಯಕ್ಷಗಾನ ಮೇಳ ನಡೆಸುವವರನ್ನು ಕೇಳಿ. ಅಭಿಮನ್ಯುವಿನ ವೇಷ ಕಟ್ಟಿದ ಹುಡುಗನಿಗೆ ಚಕ್ರವ್ಯೂಹದ ಕಥೆ ಮತ್ತೆ ಪಾಠ ಮಾಡಬೇಕಾಗಿಲ್ಲ.

ಇನ್ನೊಂದು, ನಾಟಕಕ್ಕೆ ಅಪ್ಪ ಅಮ್ಮ ಬರುತ್ತಾರೆ. ಭಾಷಣಕ್ಕೆ ಬರುವುದಿಲ್ಲ, ನಾಟಕಕ್ಕೆ ಬರುತ್ತಾರೆ. ತಮ್ಮ ಮಗಳು ಕಪ್ಪೆಯಾಗಿ ಕುಪ್ಪಳಿಸುವುದನ್ನು ನೋಡಲು ಯಾರು ತಾನೆ ಬರುವುದಿಲ್ಲ? ಹಾಗೆ ಬಂದವರು ಒಂದು ದೂರದ ದೇಶದ ಕಾಡಿನ ಸುದ್ದಿ ಕೇಳಿಕೊಂಡು ಹೋದರು. ದುಡ್ಡು ಕೊಟ್ಟವರಿಗೆ ಅದು ದಾನ ಅನ್ನಿಸಿರಲಾರದು. ಏನೋ ನೋಡಿದರು, ಏನೋ ತಿಂದರು, ಅದಕ್ಕೆ ಕೊಟ್ಟರು. ಮಕ್ಕಳಿಗೂ ಅದು ಬೇಡಿದ ದುಡ್ಡಲ್ಲ, ದುಡಿದ ದುಡ್ಡು. ಈ ವ್ಯತ್ಯಾಸ ದೊಡ್ಡವರಿಗಿಂತ ಮಕ್ಕಳಿಗೆ ಚೆನ್ನಾಗಿ ಗೊತ್ತಾಗುತ್ತದೆ.

ಲೆಕ್ಕವೂ ಸುಲಭವಾಗಿತ್ತು. "ಪರಿಸರ ಉಳಿಸಿ" ಎಂದರೆ ಎಷ್ಟು ಉಳಿಸಿದೆವು ಎಂದು ಅಳೆಯುವುದು ಹೇಗೆ? ಇಷ್ಟು ದುಡ್ಡಿಗೆ ಇಷ್ಟು ಹೆಕ್ಟೇರ್ ಎಂದರೆ ಎರಡನೇ ತರಗತಿಯ ಮಗುವೂ ಬೆರಳು ಎಣಿಸುತ್ತದೆ. ಇನ್ನೆಷ್ಟು ಕೇಕು ಮಾರಿದರೆ ಇನ್ನೆಷ್ಟು ಕಾಡು? ಗಣಿತದ ಪಾಠವೂ ಅಲ್ಲೇ ಆಯಿತು.

ಸುದ್ದಿ ಹಬ್ಬಿತು. ಬೇರೆ ಶಾಲೆಗಳು ಸೇರಿಕೊಂಡವು. ಕೆರ್ನ್ ಮತ್ತು ಅವರ ಗಂಡ ಸೇರಿ 'ಬಾರ್ನೆನ್ಸ್ ರೆಗ್ನ್‌ಸ್ಕೂಗ್', ಅಂದರೆ ಮಕ್ಕಳ ಮಳೆಕಾಡು, ಎಂಬ ಸಂಸ್ಥೆ ಶುರು ಮಾಡಿದರು. ಕಿನ್ಸ್‌ಮನ್ ಅಮೆರಿಕದಲ್ಲಿ ಇದೇ ಕೆಲಸ ಮುಂದುವರಿಸಿದರು. ಬ್ರಿಟನ್, ಜರ್ಮನಿ, ಜಪಾನ್ ಹೀಗೆ ಬೆಳೆದು ಒಟ್ಟು 44 ದೇಶಗಳ ಮಕ್ಕಳ ದುಡ್ಡು ಆ ಕಾಡಿಗೆ ಸೇರಿತು. 1991ರಲ್ಲಿ ಕೆರ್ನ್ ಮತ್ತು ರೋಲಂಡ್ ಇಬ್ಬರಿಗೂ ಒಟ್ಟಿಗೆ ಗೋಲ್ಡ್‌ಮನ್ ಪರಿಸರ ಪ್ರಶಸ್ತಿ ಬಂತು. ಅದೇ ವರ್ಷ ಅದೇ ಪ್ರಶಸ್ತಿ ಆಫ್ರಿಕಾದಿಂದ ವಂಗಾರಿ ಮಾಥಾಯ್ ಅವರಿಗೆ ಸಿಕ್ಕಿತ್ತು. ಮುಂದೆ 2004ರಲ್ಲಿ ನೊಬೆಲ್ ಶಾಂತಿ ಪ್ರಶಸ್ತಿ ಪಡೆದವರು ಅವರು. ಶಿಕ್ಷಕಿ ಮತ್ತು ವಿದ್ಯಾರ್ಥಿ ಇಬ್ಬರ ಹೆಸರನ್ನೂ ಒಂದೇ ಪ್ರಶಸ್ತಿಗೆ ಬರೆದದ್ದು ನನಗೆ ಸರಿ ಅನ್ನಿಸುತ್ತದೆ. ಹುಡುಗ ಕೇಳದಿದ್ದರೆ ಶುರುವಾಗುತ್ತಿರಲಿಲ್ಲ. ಶಿಕ್ಷಕಿ ಆ ಪ್ರಶ್ನೆಯನ್ನು ನೋಟ್ಸ್ ಮಾಡಿಸಿ ಮುಗಿಸಿದ್ದರೂ ಶುರುವಾಗುತ್ತಿರಲಿಲ್ಲ.

ದುಡ್ಡು ಜಮೀನಾದ ಬಗೆ

ಕಾಡು ಯಾರದ್ದಾಗಿತ್ತು, ಯಾರಿಂದ ಕೊಂಡರು? ಇದನ್ನು ಕೇಳದೆ ಬಿಡಬಾರದು.

ಕೋಸ್ಟರಿಕಾದಲ್ಲಿ ಬಹಳ ಕಾಲ ಕಾಡು ಕಡಿಯುವುದನ್ನು ಜಮೀನಿನ 'ಸುಧಾರಣೆ' ಎಂದು ಕಾನೂನೇ ಎಣಿಸುತ್ತಿತ್ತು. ಮರ ಬಿದ್ದರೆ ಜಮೀನಿನ ಮೇಲೆ ಹಕ್ಕು ಗಟ್ಟಿ. ಮರ ನಿಂತಿದ್ದರೆ ಜಮೀನು ಖಾಲಿ ಬಿದ್ದಿದೆ ಎಂದು ಅರ್ಥ. ಜೊತೆಗೆ ಅಮೆರಿಕಕ್ಕೆ ದನದ ಮಾಂಸ ರಫ್ತು. ಎರಡೂ ಸೇರಿ ಕಾಡನ್ನು ನುಂಗಿದವು. 1940ರ ದಶಕದಲ್ಲಿ ದೇಶದ ಮುಕ್ಕಾಲು ಭಾಗ ಕಾಡಿತ್ತು. 1980ರ ದಶಕಕ್ಕೆ ಅದು ಕಾಲು ಭಾಗದ ಆಸುಪಾಸಿಗೆ ಬಂದಿತ್ತು.

ಮೊಂತೆವೆರ್ದೆಯ ಬೆಟ್ಟ ಇಳಿದರೆ ಆ ಕಡೆ ಪೆನ್ಯಾಸ್ ಬ್ಲಾಂಕಾಸ್ ಕಣಿವೆ. ಅಲ್ಲಿ ರಸ್ತೆ ಇಲ್ಲ, ಕೆಸರು, ಮಳೆ. ಬಡ ರೈತರು ಅಲ್ಲಿ ಹೋಗಿ ಜಾಗ ಮಾಡಿಕೊಂಡಿದ್ದರು. 1977ರಲ್ಲಿ ಸರ್ಕಾರ ಆ ಪ್ರದೇಶವನ್ನು ಅರಣ್ಯ ಮೀಸಲು ಎಂದು ಘೋಷಿಸಿತು. ಕಡಿಯಬಾರದು ಎಂದಿತು, ಪರಿಹಾರದ ದುಡ್ಡು ಮಾತ್ರ ಇರಲಿಲ್ಲ. ರೈತರು ಅತ್ತ ಸಾಗುವಳಿಯೂ ಇಲ್ಲ, ಇತ್ತ ದುಡ್ಡೂ ಇಲ್ಲ ಎಂದು ಕೂತಿದ್ದರು. ಬಗರ್‌ಹುಕುಂ ಅರ್ಜಿ ಹಾಕಿ ತಾಲ್ಲೂಕು ಕಚೇರಿಗೆ ಅಲೆದವರಿಗೆ ಈ ಸಂಕಟ ಬಿಡಿಸಿ ಹೇಳಬೇಕಾಗಿಲ್ಲ. ಮಕ್ಕಳ ದುಡ್ಡು ಬಂದದ್ದು ಈ ಸಂದಿಗೆ. ಸಂಘ ಆ ರೈತರಿಗೆ ದುಡ್ಡು ಕೊಟ್ಟು ಅವರ ಹಕ್ಕನ್ನು ಕೊಂಡಿತು.

ಎಲ್ಲೋ ಯುರೋಪಿನ ಮಕ್ಕಳು ಇನ್ನೊಂದು ಬಡ ದೇಶದ ಜಮೀನು ಕೊಳ್ಳುವುದು ಸರಿಯಾ ಎಂದು ಒಮ್ಮೆ ಒಬ್ಬ ಮೇಡಂ ನನ್ನನ್ನು ಕೇಳಿದ್ದರು. ಒಳ್ಳೆಯ ಪ್ರಶ್ನೆ. ಮಕ್ಕಳಿಗೆ ಜಮೀನು ಬರಲಿಲ್ಲ ಅನ್ನುವುದು ಇದಕ್ಕೆ ಅರ್ಧ ಉತ್ತರ. ಪತ್ರ ಆದದ್ದು ಕೋಸ್ಟರಿಕಾದ್ದೇ ಆದ, ಆ ಊರಿನವರೇ ಕಟ್ಟಿದ ಸಂಘದ ಹೆಸರಿಗೆ. ಸ್ವೀಡನ್ ಶಾಲೆಗೆ ಅಲ್ಲಿ ಒಂದು ಗುಂಟೆಯೂ ಇಲ್ಲ. ಉಳಿದ ಅರ್ಧ ಅಷ್ಟು ಸಲೀಸಲ್ಲ. ಕಣಿವೆ ಬಿಟ್ಟು ಹೋದ ರೈತನ ಮಕ್ಕಳನ್ನು ಯಾರೂ ನಾಟಕ ಆಡಿ ಎಂದು ಕೇಳಿರಲಿಕ್ಕಿಲ್ಲ. ದುಡ್ಡು ಸಿಕ್ಕಿತು ನಿಜ. ಆದರೆ ಈ ಕಥೆಯಲ್ಲಿ ಅವರ ಮುಖ ಕಾಣುವುದು ಕಡಿಮೆ. ಹೇಳುವಾಗ ನನಗೆ ಅದು ಪ್ರತಿಸಲ ಚುಚ್ಚುತ್ತದೆ.

ಚಿನ್ನದ ಕಪ್ಪೆ

ಮಕ್ಕಳು ನಾಟಕ ಆಡಿದ ಅದೇ 1987ರಲ್ಲಿ ಮೊಂತೆವೆರ್ದೆಯ ಬೆಟ್ಟದ ನೆತ್ತಿಯಲ್ಲಿ ಇನ್ನೊಂದು ಘಟನೆ ನಡೆಯುತ್ತಿತ್ತು. ಎರಡನ್ನೂ ಒಟ್ಟಿಗೆ ಹೇಳದಿದ್ದರೆ ಪ್ರಕರಣ ಅರ್ಧ ಹೇಳಿದಂತೆ.

ಅಲ್ಲಿ ಒಂದು ನೆಲಗಪ್ಪೆ ಇತ್ತು. ಗಂಡು ಕಪ್ಪೆ ಹೆಚ್ಚೆಂದರೆ ಎರಡು ಇಂಚು. ಬಣ್ಣ ಮಾತ್ರ ಕಿತ್ತಳೆ ಹಣ್ಣಿನದು, ಮೈಯೆಲ್ಲ ಒಂದೇ ಬಣ್ಣ, ಹೊಳೆಯುವಂಥದ್ದು. 1964ರಲ್ಲಿ ಜೇ ಸಾವೇಜ್ ಎಂಬ ವಿಜ್ಞಾನಿ ಅದನ್ನು ಮೊದಲ ಸಲ ನೋಡಿದಾಗ, ಯಾರೋ ಕಪ್ಪೆಗಳನ್ನು ಎನಾಮಲ್ ಬಣ್ಣದಲ್ಲಿ ಅದ್ದಿ ಬಿಟ್ಟಿರಬೇಕು ಅನ್ನಿಸಿತಂತೆ. ವರ್ಷದ ಹೆಚ್ಚಿನ ದಿನ ಅವು ನೆಲದೊಳಗೆ. ಮಳೆಗಾಲ ಹತ್ತಿರ ಬಂದಾಗ ಕೆಲವೇ ದಿನ ಹೊರಗೆ ಬಂದು, ಕುಳ್ಳ ಮರಗಳ ಬೇರಿನ ಸಂದಿಯಲ್ಲಿ ನಿಂತ ನೀರಲ್ಲಿ ಗುಂಪಾಗಿ ಕೂಡುತ್ತಿದ್ದವು. ಕಪ್ಪು ಮಣ್ಣು, ಹಸಿರು ಪಾಚಿ, ಮಂಜು, ಅದರ ನಡುವೆ ಅಂಗೈಯಗಲದ ನೀರಲ್ಲಿ ಕಿತ್ತಳೆ ಬಣ್ಣದ ಹತ್ತಾರು ಕಪ್ಪೆ. ಲೋಕದಲ್ಲಿ ಬೇರೆಲ್ಲೂ ಇಲ್ಲ, ಆ ಒಂದು ಬೆಟ್ಟದ ನೆತ್ತಿಯಲ್ಲಿ ಮಾತ್ರ.

1987ರಲ್ಲಿ 1,500ಕ್ಕೂ ಹೆಚ್ಚು ಕಪ್ಪೆ ಕಂಡವು. ಆದರೆ ಆ ವರ್ಷ ಮಳೆ ಕೈಕೊಟ್ಟಿತು. ನೀರಿನ ಗುಂಡಿಗಳು ಒಣಗಿ ಮೊಟ್ಟೆ, ಗೊದಮೊಟ್ಟೆ ಎಲ್ಲ ಹಾಳಾದವು. ಮರುವರ್ಷ ಅದೇ ಜಾಗಕ್ಕೆ ಬಂದದ್ದು ಒಂದೇ ಕಪ್ಪೆ. 1989ರಲ್ಲೂ ಒಂದೇ. ಅದೇ ಕೊನೆ. 2004ರಲ್ಲಿ ಅದು ಅಳಿದು ಹೋಯಿತು ಎಂದು ಅಧಿಕೃತವಾಗಿ ಬರೆದರು. 2010ರಲ್ಲಿ ಲೋಕದ ಕಳೆದುಹೋದ ಕಪ್ಪೆಗಳನ್ನು ಹುಡುಕುವ ಒಂದು ದೊಡ್ಡ ಪ್ರಯತ್ನ ನಡೆಯಿತು. ಆಗಲೂ ಇದು ಸಿಗಲಿಲ್ಲ.

ಕಪ್ಪೆ ಇದ್ದದ್ದು ಮಕ್ಕಳ ಕಾಡಿನ ಪಕ್ಕದ, ಪವೆಲ್ ಮತ್ತು ವುಲ್ಫ್ ಸೇರಿ ಮಾಡಿದ ಸಂರಕ್ಷಿತ ಕಾಡಿನಲ್ಲಿ. ಅಲ್ಲಿ ಯಾರೂ ಮರ ಕಡಿದಿರಲಿಲ್ಲ, ಬೇಟೆ ಆಡಿರಲಿಲ್ಲ, ಕಾವಲೂ ಇತ್ತು. ಕಪ್ಪೆಗಳ ಚರ್ಮಕ್ಕೆ ತಗಲುವ ಕೈಟ್ರಿಡ್ ಎಂಬ ಶಿಲೀಂಧ್ರ ರೋಗ ಮುಖ್ಯ ಕಾರಣ ಎನ್ನುತ್ತಾರೆ. ಎಲ್ ನಿನ್ಯೊ ತಂದ ಬರ, ಬಿಸಿಯಾಗುತ್ತಿರುವ ಹವೆ ಇವುಗಳ ಪಾಲು ಎಷ್ಟು ಎಂಬ ಬಗ್ಗೆ ವಿಜ್ಞಾನಿಗಳ ಜಗಳ ಇನ್ನೂ ಮುಗಿದಿಲ್ಲ. ಹೇಗೂ ಇರಲಿ, ಬೇಲಿ ಹಾಕಿ ತಡೆಯುವಂಥದ್ದು ಇವು ಯಾವುವೂ ಅಲ್ಲ.

ಇದನ್ನು ಮಕ್ಕಳಿಗೆ ಹೇಳಬೇಕಾ ಎಂದು ಕೆಲವು ಶಿಕ್ಷಕರು ಕೇಳುತ್ತಾರೆ. ಉತ್ಸಾಹ ಇಳಿದು ಹೋಗುತ್ತದೆ ಎಂಬ ಭಯ. ನಾನಂತೂ ಹೇಳುತ್ತೇನೆ. ಹತ್ತು ವರ್ಷದ ಮಗುವಿಗೆ ಅಜ್ಜಿ ಸತ್ತದ್ದು ಅರ್ಥವಾಗುತ್ತದೆ, ಕಪ್ಪೆ ಸತ್ತದ್ದು ಅರ್ಥವಾಗುವುದಿಲ್ಲವಾ?

ಕೊಂಡ ಮೇಲೆ

ಕಾಡು ಕೊಳ್ಳಲು ದುಡ್ಡು ಕೊಡಿ ಎಂದರೆ ಜನ ಕೊಡುತ್ತಾರೆ. ಕೊಂಡ ಕಾಡಿನ ಕಾವಲುಗಾರನ ಸಂಬಳಕ್ಕೆ, ಅವನ ಗಂಬೂಟಿಗೆ, ಜೀಪಿನ ಟೈರಿಗೆ ಕೊಡಿ ಎಂದರೆ ಯಾರೂ ಕೊಡುವುದಿಲ್ಲ. ನಮ್ಮಲ್ಲಿ ದೇವಸ್ಥಾನ ಕಟ್ಟಲು ದುಡ್ಡು ಹರಿದು ಬರುತ್ತದೆ, ದಿನದ ದೀಪದ ಎಣ್ಣೆಗೆ ಪರದಾಟ. ಹಾಗೇ ಇದೂ. ಸಂಘ 1990ರ ದಶಕದಲ್ಲಿ ಇದೇ ಕಷ್ಟಕ್ಕೆ ಸಿಕ್ಕಿತು. ಹೊರಗಿನ ಮಕ್ಕಳ ಉತ್ಸಾಹದ ಅಲೆ ಇಳಿಯಿತು. ಕಾಡು ಮಾತ್ರ ಅಷ್ಟೇ ದೊಡ್ಡದಾಗಿ ಕೂತಿತ್ತು. ಬೇಟೆಗಾರರು ಬರುತ್ತಿದ್ದರು. ಅವರಿಗೆ ಬೇಕಾದದ್ದು ಜಾಸ್ತಿ ಪಾಕಾ, ಇಲಿಯ ಜಾತಿಗೆ ಸೇರಿದ, ಸಣ್ಣ ನಾಯಿಯಷ್ಟು ದೊಡ್ಡ ಪ್ರಾಣಿ. ಅದರ ಮಾಂಸಕ್ಕೆ ಆ ಕಡೆ ಬಹಳ ಬೇಡಿಕೆ.

ಕೈ ಹಿಡಿದದ್ದು ಮತ್ತೆ ನೀರು. 1996ರಲ್ಲಿ ಕೋಸ್ಟರಿಕಾ ಹೊಸ ಅರಣ್ಯ ಕಾಯ್ದೆ ತಂದಿತು. ಕಾಡು ಉಳಿಸಿಕೊಂಡ ಜಮೀನುದಾರರಿಗೆ ಸರ್ಕಾರವೇ ದುಡ್ಡು ಕೊಡುವ ಪದ್ಧತಿ ಬಂತು. ಪೆಟ್ರೋಲ್ ಡೀಸೆಲ್ ಮೇಲಿನ ತೆರಿಗೆಯಿಂದ ಅದಕ್ಕೆ ಹಣ. 1998ರಲ್ಲಿ, ಕಾಡಿನಿಂದ ಇಳಿದು ಬರುವ ನೀರಿನಲ್ಲಿ ವಿದ್ಯುತ್ ತಯಾರಿಸುವ ಒಂದು ಸಣ್ಣ ಖಾಸಗಿ ಕಂಪನಿ ಸಂಘದ ಜೊತೆ 99 ವರ್ಷದ ಒಪ್ಪಂದ ಮಾಡಿಕೊಂಡಿತು. ಸುಮಾರು 3,000 ಹೆಕ್ಟೇರ್ ಜಲಾನಯನದ ಕಾಡನ್ನು ನೀವು ಕಾಯಿರಿ, ನಾವು ವರ್ಷಕ್ಕೆ ಹೆಕ್ಟೇರಿಗೆ ಇಷ್ಟು ಎಂದು ಕೊಡುತ್ತೇವೆ ಎಂದು. 1951ರಲ್ಲಿ ಹಸು ಕಟ್ಟಿದವರು ನೀರಿಗಾಗಿ ಬಿಟ್ಟ ಕಾಡು ನೆನಪಾಯಿತಲ್ವಾ? ಸುತ್ತಿ ಬಳಸಿ ಅಲ್ಲಿಗೇ ಬಂದಂತಾಯಿತು.

ಇನ್ನೊಂದು ವಿಷಯ ಬೇಗ ಹೇಳಿಬಿಡುತ್ತೇನೆ. ಆ ಬೆಟ್ಟದಲ್ಲಿ ಕ್ವೆಟ್ಸಾಲ್ ಎಂಬ ಹಸಿರು ಹಕ್ಕಿ, ಕೊಕ್ಕಿನ ಬುಡದಲ್ಲಿ ಮೂರು ಜೋಲು ತೂಗಿಕೊಂಡು ಗಂಟೆ ಬಡಿದಂತೆ ಕೂಗುವ ಬೆಲ್‌ಬರ್ಡ್ ಎಂಬ ಇನ್ನೊಂದು ಹಕ್ಕಿ ಇವೆ. ಎರಡೂ ಎತ್ತರದಲ್ಲಿ ಮರಿ ಮಾಡಿ, ಆಮೇಲೆ ಹಣ್ಣು ಹುಡುಕಿಕೊಂಡು ಕೆಳಗಿನ ಕಾಡಿಗೆ ಇಳಿಯುತ್ತವೆ. ಬೆಟ್ಟದ ನೆತ್ತಿ ಮಾತ್ರ ಉಳಿಸಿದರೆ ಇವು ಉಳಿಯುವುದಿಲ್ಲ. ಮಕ್ಕಳ ಕಾಡು ನೆತ್ತಿಯಿಂದ ಕೆಳಗಿನ ಇಳಿಜಾರಿನವರೆಗೂ ಹರಡಿಕೊಂಡಿದ್ದರಿಂದ ಸ್ವಲ್ಪ ಮಟ್ಟಿಗೆ ಇವುಗಳ ದಾರಿ ಉಳಿಯಿತು. ಸ್ವಲ್ಪ ಮಟ್ಟಿಗೆ ಮಾತ್ರ. ಪೆಸಿಫಿಕ್ ಕಡೆಯ ತಗ್ಗಿನಲ್ಲಿ ಕಾಡು ಈಗಲೂ ತುಂಡು ತುಂಡಾಗಿಯೇ ಇದೆ.

ನಮ್ಮಲ್ಲಿ ಕೊಳ್ಳೋಕಾಗುತ್ತಾ?

ಪ್ರಕರಣ ಮುಗಿದ ಮೇಲೆ ಯಾರಾದರೊಬ್ಬರು ಕೇಳುವ ಪ್ರಶ್ನೆ ಇದು. ಉತ್ತರ: ಹೆಚ್ಚುಕಡಿಮೆ ಇಲ್ಲ. ನಮ್ಮಲ್ಲಿ ಕಾಡಿನ ಬಹುಪಾಲು ಸರ್ಕಾರದ್ದು, ಮಾರಾಟಕ್ಕಿಲ್ಲ. ಕೃಷಿ ಜಮೀನನ್ನು ಕೃಷಿಕರಲ್ಲದವರು ಕೊಳ್ಳುವುದಕ್ಕೂ ಕರ್ನಾಟಕದಲ್ಲಿ 2020ರ ತಿದ್ದುಪಡಿಯವರೆಗೆ ಅಡ್ಡಿ ಇತ್ತು. ಕೊಡಗಿನಲ್ಲಿ ಪಮೇಲಾ ಮತ್ತು ಅನಿಲ್ ಮಲ್ಹೋತ್ರಾ ದಂಪತಿ 1991ರಲ್ಲಿ 55 ಎಕರೆ ಕೊಂಡು ಶುರು ಮಾಡಿ ಸುಮಾರು 300 ಎಕರೆವರೆಗೆ ಕಾಡು ಬೆಳೆಸಿದ್ದು ಇದೆ. ಅಂಥದ್ದು ಅಪರೂಪ, ಶಾಲೆಯ ಕೈಗೆ ನಿಲುಕುವಂಥದ್ದೂ ಅಲ್ಲ.

ಹಾಗಾಗಿ ಕೊಳ್ಳುವುದನ್ನು ನಕಲು ಮಾಡಲು ಹೋಗಬೇಡಿ ಎನ್ನುತ್ತೇನೆ. ವಿಳಾಸ ಹುಡುಕುವುದನ್ನು ನಕಲು ಮಾಡಿ. ನಾನು ಓದಿದ ಶಾಲೆಯಲ್ಲಿ ಪ್ರತಿ ಜುಲೈಗೆ ವನಮಹೋತ್ಸವ ಆಗುತ್ತಿತ್ತು. ಗುಂಡಿ ತೋಡುವ ಕೆಲಸ ನಮಗೆ ಕಷ್ಟ ಆಗುತ್ತಿರಲಿಲ್ಲ. ಹೋದ ವರ್ಷ ಗಿಡ ಸತ್ತ ಗುಂಡಿಯೇ ಇರುತ್ತಿತ್ತು. ಮಣ್ಣು ಕೆದಕಿದರೆ ಹಳೆಯ ಪ್ಲಾಸ್ಟಿಕ್ ಚೀಲ ಸಿಗುತ್ತಿತ್ತು, ನರ್ಸರಿಯದು. ಅದನ್ನು ತೆಗೆದು ಎಸೆದು ಹೊಸ ಗಿಡ ನೆಟ್ಟು ಫೋಟೋಗೆ ನಿಲ್ಲುತ್ತಿದ್ದೆವು. ಏಳನೇ ತರಗತಿಯಿಂದ ಹತ್ತನೇ ತರಗತಿವರೆಗೆ ನಾನು ಒಂದೇ ಗುಂಡಿಗೆ ನಾಲ್ಕು ಗಿಡ ನೆಟ್ಟೆ. ಆ ಜಾಗ ಯಾರದು, ಅಲ್ಲಿಗೆ ಬೇಸಿಗೆಯಲ್ಲಿ ನೀರು ಹಾಕುವವರು ಯಾರು, ದನ ಬರದಂತೆ ನೋಡುವವರು ಯಾರು ಎಂದು ನಾವೂ ಕೇಳಲಿಲ್ಲ, ನಮಗೂ ಯಾರೂ ಹೇಳಲಿಲ್ಲ.

ಕಳೆದ ವರ್ಷ ಉತ್ತರ ಕನ್ನಡದ ಕಡೆ ಒಂದು ತರಬೇತಿಯಲ್ಲಿ ಇದನ್ನೆಲ್ಲ ಹೇಳಿದ್ದೆ. ಊಟದ ಹೊತ್ತಿಗೆ ಒಬ್ಬ ಮೇಷ್ಟ್ರು ಬಂದು ಪಕ್ಕದಲ್ಲಿ ಕೂತರು. ಅವರ ಶಾಲೆಯ ಹಿಂದೆ ಎರಡು ಎಕರೆ ಚಿಲ್ಲರೆ ಹಳೆಯ ಕಾಡಿದೆಯಂತೆ. ಮಕ್ಕಳು ಅಲ್ಲಿಗೆ ಹೋಗಿ ಹಕ್ಕಿ ನೋಡಿ ಚಿತ್ರ ಬರೆಯುತ್ತಾರೆ, ವಾರ್ಷಿಕೋತ್ಸವಕ್ಕೆ ಅದರ ಮೇಲೆ ಒಂದು ನಾಟಕವನ್ನೂ ಮಾಡಿದ್ದಾರೆ. ಈಗ ಒಂದೊಂದೇ ಮರ ಕಾಣೆಯಾಗುತ್ತಿದೆ.

"ಜಾಗ ಯಾರ ಹೆಸರಲ್ಲಿದೆ?" ಎಂದೆ.

"ಊರಿಂದೇ ಸಾರ್. ಎಲ್ಲರೂ ಹಾಗೇ ಅಂತಾರೆ."

"ಪಹಣಿ ತೆಗೆಸಿ ನೋಡಿದ್ದೀರಾ?"

ಇಲ್ಲ ಎಂದರು. ಸರ್ವೆ ನಂಬರೂ ಗೊತ್ತಿರಲಿಲ್ಲ.

ಹತ್ತು ದಿನ ಬಿಟ್ಟು ವಾಟ್ಸಾಪಿನಲ್ಲಿ ಒಂದು ಫೋಟೋ ಬಂತು. ಪಹಣಿಯದ್ದು. ಸರ್ವೆ ನಂಬರ್ ಹುಡುಕಲು ಹತ್ತನೇ ತರಗತಿಯ ಮಕ್ಕಳೇ ಜೊತೆಗೆ ನಾಡಕಚೇರಿಗೆ ಹೋಗಿದ್ದರಂತೆ. ಜಮೀನಿನ ಒಡೆಯರ ಹೆಸರು ಬರೆಯುವ 9ನೇ ಕಾಲಮ್ಮಿನ ಸುತ್ತ ಯಾರೋ ಹುಡುಗಿ ಕೆಂಪು ಪೆನ್ನಲ್ಲಿ ಗೆರೆ ಎಳೆದಿದ್ದಳು. ಒಳಗೆ 'ಸರ್ಕಾರಿ ಗೋಮಾಳ' ಎಂದಿತ್ತು. ಕೆಳಗೆ ಮೇಷ್ಟ್ರ ಮೆಸೇಜು: "ಮಕ್ಕಳು ಕೇಳ್ತಿದ್ದಾರೆ ಸಾರ್, ಈಗ ಅರ್ಜಿ ಪಂಚಾಯಿತಿಗೆ ಬರೀಬೇಕಾ, ತಹಶೀಲ್ದಾರರಿಗಾ?"